ಗ್ಲೆನ್‌ರಿಯೊ ಖಾಲಿಯಾಗಿದೆ: ಗೋಡೆ ಉಳಿಸೋದು ಮೊದಲೋ, ಅಲ್ಲಿದ್ದವರ ಲೆಕ್ಕ ಉಳಿಸೋದು ಮೊದಲೋ?

ಹಳೇದಾರಿ:
ಅಮೆರಿಕದ ಹಳೆ ಹೆದ್ದಾರಿ ರೂಟ್ 66 ಅಂದ ಕೂಡಲೇ ಎಲ್ಲರೂ ಅದೇ ಫೋಟೋಗಳನ್ನು ತೋರಿಸುತ್ತಾರೆ. ಬಣ್ಣ ಹೋದ ಬೋರ್ಡು, ತುಕ್ಕು ಹಿಡಿದ ಕಾರು, ಖಾಲಿ ರಸ್ತೆ. ಇವತ್ತು ಒಂದೇ ಊರನ್ನು ಹಿಡಿದು ಸ್ವಲ್ಪ ಆಳವಾಗಿ ಮಾತಾಡೋಣ. ಊರಿನ ಹೆಸರು ಗ್ಲೆನ್‌ರಿಯೊ. ಅಮೆರಿಕದ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳ ಗಡಿ ಈ ಊರಿನ ಒಳಗೇ ಹಾದುಹೋಗುತ್ತದೆ. ಪೂರ್ವಕ್ಕೆ ಟೆಕ್ಸಾಸಿನ ಡೆಫ್ ಸ್ಮಿತ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಪಶ್ಚಿಮಕ್ಕೆ ನ್ಯೂ ಮೆಕ್ಸಿಕೊದ ಕ್ವೇ ಕೌಂಟಿ.

20ನೇ ಶತಮಾನದ ಮೊದಲ ದಶಕದಲ್ಲಿ ರಾಕ್ ಐಲೆಂಡ್ ರೈಲಿನ ಜೊತೆ ಹುಟ್ಟಿದ ಊರು ಇದು. 1910ರಿಂದ 1934ರವರೆಗೆ ಇಲ್ಲಿಂದ 'ಗ್ಲೆನ್‌ರಿಯೊ ಟ್ರಿಬ್ಯೂನ್' ಅನ್ನೋ ಪತ್ರಿಕೆ ಹೊರಡುತ್ತಿತ್ತು. ಇಷ್ಟು ಸಣ್ಣ ಊರಿಗೆ ತನ್ನದೇ ಪತ್ರಿಕೆ! 1926ರಲ್ಲಿ ಶಿಕಾಗೊದಿಂದ ಲಾಸ್ ಏಂಜಲೀಸ್ ಕಡೆ ಹೋಗುವ ರೂಟ್ 66 ಬಂತು. ಅಲ್ಲಿಂದ ಮುಂದೆ ಊರಿನ ಬದುಕು ರಸ್ತೆಯ ಮೇಲೆ ನಿಂತಿತು. ಪೆಟ್ರೋಲ್ ಬಂಕ್, ಡೈನರ್ ಅನ್ನೋ ರಸ್ತೆ ಬದಿಯ ಊಟದ ಹೋಟೆಲ್, ಮೋಟೆಲ್. ನ್ಯೂ ಮೆಕ್ಸಿಕೊ ಕಡೆಯಿಂದ ಬಂದವರು 'ಟೆಕ್ಸಾಸಿನ ಮೊದಲ ಮೋಟೆಲ್' ಅಂತ ಓದುತ್ತಿದ್ದ ಬೋರ್ಡನ್ನು ಟೆಕ್ಸಾಸ್ ಕಡೆಯಿಂದ ಬಂದವರು 'ಟೆಕ್ಸಾಸಿನ ಕೊನೆಯ ಮೋಟೆಲ್' ಅಂತ ಓದುತ್ತಿದ್ದರು. ಒಂದೇ ಬೋರ್ಡು, ಎರಡು ಮುಖ.

1955ರಲ್ಲಿ ರೈಲು ನಿಲ್ದಾಣ ಮುಚ್ಚಿತು. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂತು. 1970ರ ದಶಕದಲ್ಲಿ ಐ-40 ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ಅಷ್ಟೇ ಸಾಕಾಯಿತು. 1985ರಲ್ಲಿ ರೂಟ್ 66 ಅನ್ನೋ ಗುರುತೇ ಅಧಿಕೃತ ಪಟ್ಟಿಯಿಂದ ಹೋಯಿತು. 2007ರಲ್ಲಿ ಹಳೆ ರಸ್ತೆ ಮತ್ತು ಉಳಿದಿರುವ ಕಟ್ಟಡಗಳನ್ನು ಸೇರಿಸಿ ಗ್ಲೆನ್‌ರಿಯೊವನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು.

ನನ್ನ ಮಾತು ಇಷ್ಟು. ಈ ಊರಿನ ಫೋಟೋಗೆ ಬರವಿಲ್ಲ. ಆದರೆ ಒಂದೊಂದು ಫೋಟೋ ಕೆಳಗೂ 'ದೆವ್ವದ ಊರು' (ಘೋಸ್ಟ್ ಟೌನ್, ಅಂದರೆ ಜನ ಬಿಟ್ಟುಹೋದ ಊರು) ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಆ ಡೈನರಿನ ಒಲೆ ಮುಂದೆ ನಿಂತವರು ಯಾರು, ಮೋಟೆಲ್ಲಿನ ಹಾಸಿಗೆ ಬಟ್ಟೆ ಒಗೆದವರು ಯಾರು, ಬಂಕ್ ಯಾವ ವರ್ಷ ಯಾರ ಕೈಗೆ ಹೋಯಿತು, ಇದನ್ನೆಲ್ಲ ಕಟ್ಟಡ ಕಟ್ಟಡಕ್ಕೂ ಸಾಕ್ಷಿ ಸಮೇತ ಬರೆದಿಡುವ ಕೆಲಸ ಆಗಬೇಕು. ಗೋಡೆ ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ. ಗೊತ್ತಿರುವ ಮನುಷ್ಯರು ಅದಕ್ಕಿಂತ ಮುಂಚೆ ಹೋಗುತ್ತಾರೆ. ನಿಮಗೇನನ್ನಿಸುತ್ತದೆ?

ರಾತ್ರಿಪಯಣಿಗ:
ಸಾರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಟೆಕ್ಸಾಸಿನ ಅಮರಿಲ್ಲೊ ಕಡೆಯಿಂದ ನ್ಯೂ ಮೆಕ್ಸಿಕೊದ ಟುಕುಮ್‌ಕರಿಗೆ ಹೋಗುವಾಗ ನಾನು ಅಲ್ಲಿ ಇಳಿದಿದ್ದೆ. ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ, ಕೋರ್ಟಿನ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಗೋಡೆ ಹಾಗಲ್ಲ. ಆ ಡೈನರ್ ಇದೆಯಲ್ಲ, 1952ರದ್ದು, ದುಂಡು ಮೂಲೆಯ ಬಿಳಿ ಕಟ್ಟಡ, ಅದರ ಗಾರೆ ಕೈಯಗಲ ಕೈಯಗಲ ಕಳಚಿ ಕೆಳಗೆ ಪುಡಿಯಾಗಿ ಬಿದ್ದಿದೆ. ಗಾರೆ ಹೋದ ಕಡೆ ಒಳಗಿನ ಗೋಡೆಗೆ ಮಳೆ ನೀರು ನೇರವಾಗಿ ಇಳಿಯುತ್ತದೆ. ಪಕ್ಕದಲ್ಲಿ 1950ರ ಟೆಕ್ಸಾಕೊ ಬಂಕ್. ಹಳೆ ರಸ್ತೆ ಎಷ್ಟು ಅಗಲ ಇದೆ ಅಂದರೆ, ಇಲ್ಲಿ ಎಂಥಾ ಓಡಾಟ ಇದ್ದಿರಬೇಕು ಅಂತ ಅದನ್ನು ನೋಡಿದರೇ ಗೊತ್ತಾಗುತ್ತದೆ. ಈಗ ಡಾಂಬರಿನ ಬಿರುಕಿನಲ್ಲಿ ಹುಲ್ಲು ಬೆಳೆದಿದೆ. ಐ-40ರ ಲಾರಿಗಳ ಸದ್ದು ಮಾತ್ರ ನಿಲ್ಲುವುದೇ ಇಲ್ಲ.

ಯಾರ ಹೆಸರು ಏನು ಅಂತ ಬರೆಯೋದು ಆಮೇಲೆ ಮಾಡಬಹುದು. ಮೊದಲು ಚಾವಣಿಗೆ ಒಂದು ತಗಡು ಹಾಕಿಸಿ. ನೀರು ಒಳಗೆ ಬರದ ಹಾಗೆ ಮಾಡಿದರೆ ಕಟ್ಟಡ ಇನ್ನೂ ಎಷ್ಟೋ ವರ್ಷ ನಿಲ್ಲುತ್ತದೆ.

ನಕ್ಷೆಗಾರ:
ತಗಡು ಹಾಕಿಸಿ ಅನ್ನೋದು ಸುಲಭ. ಯಾರ ಚಾವಣಿಗೆ ಹಾಕಿಸುತ್ತೀರಿ? ಅದು ಖಾಸಗಿ ಆಸ್ತಿ.

ಇದನ್ನು ಸರಿಯಾಗಿ ಹೇಳಲೇಬೇಕು, ಯಾಕಂದರೆ ಜನ ಇಲ್ಲೇ ಜಾಸ್ತಿ ಎಡವುತ್ತಾರೆ. ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಬಂತು ಅಂದ ಮಾತ್ರಕ್ಕೆ ಕಟ್ಟಡಕ್ಕೆ ಕಾವಲು ಸಿಕ್ಕಿತು ಅಂತ ಅಲ್ಲ. ಮಾಲೀಕ ತನ್ನ ಸ್ವಂತ ದುಡ್ಡಿನಲ್ಲಿ ಅದನ್ನು ಕೆಡವಿದರೂ ಆ ಪಟ್ಟಿ ತಡೆಯುವುದಿಲ್ಲ. 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾನೂನು ಕೇಳುವುದು ಬೇರೆ. ಕೇಂದ್ರ ಸರ್ಕಾರದ ದುಡ್ಡು ಅಥವಾ ಪರವಾನಗಿ ಇರುವ ಕೆಲಸ ಆ ಜಾಗದಲ್ಲಿ ನಡೆಯುವುದಾದರೆ, ಅದರಿಂದ ಏನು ಹಾನಿ ಆಗುತ್ತದೆ ಅಂತ ಮೊದಲೇ ನೋಡಬೇಕು. ಪರಿಶೀಲಿಸಬೇಕು ಅಂತ ಇದೆ, ಉಳಿಸಲೇಬೇಕು ಅಂತ ಇಲ್ಲ.

ಅನುಕೂಲವೂ ಇದೆ, ಇಲ್ಲ ಅನ್ನುವುದಿಲ್ಲ. ಪಟ್ಟಿಯಲ್ಲಿರುವ ಕಟ್ಟಡವನ್ನು ಆದಾಯ ತರುವ ಕೆಲಸಕ್ಕೆ ನಿಯಮದ ಪ್ರಕಾರ ದುರಸ್ತಿ ಮಾಡಿದರೆ ಖರ್ಚಿನ 20 ಶೇಕಡಾ ಕೇಂದ್ರ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. 1999ರಲ್ಲಿ ಅಲ್ಲಿನ ಸಂಸತ್ತು ರೂಟ್ 66ಕ್ಕೇ ಅಂತ ಒಂದು ಸಂರಕ್ಷಣಾ ಕಾನೂನು ಮಾಡಿತು. ರಾಷ್ಟ್ರೀಯ ಉದ್ಯಾನ ಸೇವೆ ಅದರಡಿ ಅನುದಾನ ಕೊಡುತ್ತಾ ಬಂತು, ಆದರೆ ಪಡೆಯುವವರು ಅಷ್ಟೇ ಪಾಲು ತಮ್ಮ ಕಡೆಯಿಂದ ಹಾಕಬೇಕಿತ್ತು. ಹಾಕುವವರು ಯಾರು? ಗಿರಾಕಿಯೇ ಇಲ್ಲದ ಜಾಗದಲ್ಲಿ ಆದಾಯ ಎಲ್ಲಿಂದ ಬರಬೇಕು? ಖಾಲಿ ಊರಿನ ಕಷ್ಟ ಇದೇ.

ಇನ್ನೊಂದು ವಿಷಯ, ಯಾರೂ ಮಾತಾಡದ್ದು. ಹಳೆ ಬಂಕ್ ಅಂದರೆ ನೆಲದೊಳಗೆ ಹಳೆ ಟ್ಯಾಂಕ್ ಇರುತ್ತದೆ. ಸೋರಿದ್ದರೆ ಮಣ್ಣು, ಅಂತರ್ಜಲ ಎರಡೂ ಕೆಟ್ಟಿರುತ್ತದೆ. ಅದನ್ನು ಸ್ವಚ್ಛ ಮಾಡುವ ಹೊಣೆ ಮೈಮೇಲೆ ಬರುತ್ತದೆ ಅಂತಲೇ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಅರಿಜೋನಾ ರಾಜ್ಯದ ಪರಿಸರ ಇಲಾಖೆ 2004ರಲ್ಲಿ ರೂಟ್ 66ರ ಉದ್ದಕ್ಕೂ ಇಂಥ ಟ್ಯಾಂಕುಗಳನ್ನು ಹುಡುಕಿ ಸರಿಮಾಡಲು ಪ್ರತ್ಯೇಕ ಕೆಲಸವನ್ನೇ ಶುರು ಮಾಡಿತ್ತು. ಗೋಡೆ ಉಳಿಸುವುದು ಅಂದರೆ ಗೋಡೆಯ ಕೆಳಗಿನ ಈ ತಲೆನೋವೂ ಸೇರಿಕೊಂಡೇ ಬರುತ್ತದೆ.

ರಾತ್ರಿಪಯಣಿಗ:
ಆದರೂ ಮಾಡಿದವರು ಇದ್ದಾರಲ್ವಾ? ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಆಂಬಾಯ್ ನೋಡಿ. ರಾಯ್ಸ್ ಮೋಟೆಲ್ ಮತ್ತು ಕೆಫೆಯ ಆ ಎತ್ತರದ ಬೋರ್ಡು 1959ರದ್ದು. 1973ರಲ್ಲಿ ಐ-40 ತೆರೆದ ಮೇಲೆ ಊರು ಬರಿದಾಯಿತು. 2005ರಲ್ಲಿ ಹೋಟೆಲ್ ಉದ್ಯಮಿ ಆಲ್ಬರ್ಟ್ ಒಕುರಾ ಇಡೀ ಊರನ್ನೇ 4,25,000 ಡಾಲರಿಗೆ ಕೊಂಡರು. 2019ರ ನವೆಂಬರಿನಲ್ಲಿ ಬೋರ್ಡಿನ ನಿಯಾನ್ ದೀಪ ಮತ್ತೆ ಉರಿಯಿತು. ಒಬ್ಬರು ಹಟ ಹಿಡಿದರೆ ಆಗುತ್ತದೆ.

ನಕ್ಷೆಗಾರ:
ಬೋರ್ಡು ಉರಿಯಿತು, ನಿಜ. ಆದರೆ ಆ ಕೊಠಡಿಗಳಲ್ಲಿ ಜನ ತಂಗುವ ಹಾಗೆ ಮಾಡುವುದು ಎಷ್ಟು ಕಷ್ಟ ಅಂತ ನೋಡಿ. ಅಲ್ಲಿ ನೆಲದ ನೀರು ಉಪ್ಪು. ಕುಡಿಯುವ ನೀರನ್ನು ಹೊರಗಿನಿಂದ ತರಬೇಕು. ರಸ್ತೆ ತುಂಬಾ ಗಿರಾಕಿ ಇದ್ದ ಕಾಲದಲ್ಲಿ ಆ ಖರ್ಚು ಹೊರಬಹುದಿತ್ತು. 2023ರಲ್ಲಿ ಒಕುರಾ ತೀರಿಕೊಂಡರು, ಆಮೇಲೆ ಕುಟುಂಬದವರು ನೋಡಿಕೊಳ್ಳುತ್ತಿದ್ದಾರೆ. ನಾನು ಅವರ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಒಂದು ಊರಿನ ಉಳಿವು ಒಬ್ಬ ಮನುಷ್ಯನ ಹಟದ ಮೇಲೆ ನಿಲ್ಲಬಾರದು.

ದಾಖಲೆಪಾಲಕಿ:
ನಾನು ದಾಖಲೆಗಳ ಜೊತೆ ಕೆಲಸ ಮಾಡುವವಳು, ಹಾಗಾಗಿ 'ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ' ಅನ್ನೋ ಮಾತಿಗೆ ಉತ್ತರ ಕೊಡಲೇಬೇಕು. ಸರ್ಕಾರಿ ಕಾಗದ ಉಳಿಯಬಹುದು. ಮೋಟೆಲ್ಲಿನ ಹೆಸರು ಪುಸ್ತಕ, ಡೈನರಿನ ಸಾಲದ ಚೀಟಿ, ಮನೆಯ ಆಲ್ಬಮ್ಮು, ಇವೆಲ್ಲ ಉಳಿಯುವುದಿಲ್ಲ. ಯಾರೋ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗುವುದು ಇವೇ. ಊರು ಬದುಕಿದ್ದರ ಸುಳಿವು ಜಾಸ್ತಿ ಇರುವುದೂ ಇವುಗಳಲ್ಲೇ.

ಗ್ಲೆನ್‌ರಿಯೊದ ದಾಖಲೆ ಹುಡುಕುವವರು ಎರಡು ರಾಜ್ಯದ ಬಾಗಿಲು ತಟ್ಟಬೇಕು. ಟೆಕ್ಸಾಸ್ ಕಡೆಯ ಆಸ್ತಿ ಪತ್ರಗಳಿಗೆ ಹೆರ್‌ಫರ್ಡ್, ನ್ಯೂ ಮೆಕ್ಸಿಕೊ ಕಡೆಯದಕ್ಕೆ ಟುಕುಮ್‌ಕರಿ. ಎರಡೂ ಕೌಂಟಿ ಕೇಂದ್ರಗಳು. ಒಂದೇ ಕಡೆ ನೋಡಿ ಬಂದವರು ಅರ್ಧ ಊರನ್ನೇ ಬರೆಯುತ್ತಾರೆ. ರೈಲು ನಿಲ್ದಾಣ ಟೆಕ್ಸಾಸ್ ಕಡೆ ಇತ್ತು, ಅಂಚೆ ಕಚೇರಿ ನ್ಯೂ ಮೆಕ್ಸಿಕೊ ಕಡೆ ಇತ್ತು. ರೈಲಿನಲ್ಲಿ ಬಂದ ಟಪಾಲು ಗಡಿ ದಾಟಿ ಅಂಚೆ ಕಚೇರಿಗೆ ಹೋಗುತ್ತಿತ್ತು. ಎರಡೂ ಕಡೆ ಗಡಿಯಾರದಲ್ಲಿ ಒಂದು ಗಂಟೆ ವ್ಯತ್ಯಾಸ ಬೇರೆ. ಪತ್ರಿಕೆಯಲ್ಲಿ 'ಸಂಜೆ ಏಳಕ್ಕೆ ಸಭೆ' ಅಂತ ಇದ್ದರೆ ಯಾವ ಏಳು ಅಂತ ಕೇಳಿಕೊಳ್ಳಬೇಕು.

ಜನಗಣತಿಯಿಂದ ಶುರು ಮಾಡಿ. ಅಮೆರಿಕದಲ್ಲಿ ಮನೆ ಮನೆಯ ಜನಗಣತಿ ಹಾಳೆಯನ್ನು 72 ವರ್ಷ ಆದ ಮೇಲೆ ಬಿಡುಗಡೆ ಮಾಡುತ್ತಾರೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ಹೊರಬಂದವು. ರಾಷ್ಟ್ರೀಯ ದಾಖಲೆ ಸಂಗ್ರಹದ ತಾಣದಲ್ಲಿ ಪುಕ್ಕಟೆ ನೋಡಬಹುದು. ಹೆಸರು, ವಯಸ್ಸು, ಮನೆಯ ಯಜಮಾನರಿಗೆ ಏನಾಗಬೇಕು, ಹುಟ್ಟಿದ್ದು ಎಲ್ಲಿ, ಕಸುಬು ಏನು, ಎಲ್ಲ ಇದೆ. ಆ ಟೆಕ್ಸಾಕೊ ಬಂಕ್ ಕಟ್ಟಿದ್ದೂ ಅದೇ 1950ರಲ್ಲಿ. ಕಸುಬಿನ ಕಾಲಂ ಓದುತ್ತಾ ಹೋದರೆ ಯಾರು ಅಡುಗೆ ಮಾಡುತ್ತಿದ್ದರು, ಯಾರು ಬಂಕಿನಲ್ಲಿದ್ದರು ಅನ್ನೋದು ಬಿಡಿಸಿಕೊಳ್ಳುತ್ತಾ ಬರುತ್ತದೆ.

ಹಳೇದಾರಿ:
ಮೇಡಂ, ನನಗೆ ಬೇಕಾಗಿದ್ದು ಇದೇ! ಪೋಸ್ಟ್‌ಕಾರ್ಡುಗಳ ವಿಷಯ ಸ್ವಲ್ಪ ಹೇಳುತ್ತೀರಾ? ಮಾರಾಟಕ್ಕೆ ಬರುವ ಕಾರ್ಡುಗಳ ಮೇಲೆ ಸುಮ್ನೆ '1940ರ ದಶಕ' ಅಂತ ಬರೆದುಬಿಡುತ್ತಾರೆ.

ದಾಖಲೆಪಾಲಕಿ:
ಶಿಕಾಗೊದ ಕರ್ಟ್ ಟೈಕ್ ಕಂಪನಿ ಮುದ್ರಿಸಿದ ಕಾರ್ಡಾದರೆ ಅದರ ಮೇಲೆ ಒಂದು ಸಣ್ಣ ಸಂಖ್ಯೆ ಇರುತ್ತದೆ, ಎಷ್ಟೋ ಸಲ ಅಂಚಿನಲ್ಲಿ. ಸಂಖ್ಯೆಯ ಶುರುವಿನಲ್ಲಿ ಒಂದು ಅಂಕಿ, ಒಂದು ಅಕ್ಷರ. 'ಎ' ಅಂದರೆ 1930ರ ದಶಕ, 'ಬಿ' ಅಂದರೆ 1940ರ ದಶಕ, 'ಸಿ' ಅಂದರೆ 1950ರ ದಶಕ. ಮುಂದಿರುವ ಅಂಕಿ ಆ ದಶಕದ ವರ್ಷ. '2ಬಿ' ಅಂತ ಇದ್ದರೆ 1942. ಭೂತಗನ್ನಡಿ ಹಿಡಿದರೆ ಸಾಕು. ಆದರೆ ಇದು ಮುದ್ರಿಸಿದ ವರ್ಷ, ಫೋಟೋ ತೆಗೆದದ್ದು ಮುಂಚೆಯೇ ಇರಬಹುದು. ಹಿಂದಿನ ಅಂಚೆ ಮುದ್ರೆ ಮೂರನೇ ವರ್ಷವನ್ನು ಹೇಳಬಹುದು. ಮೂರನ್ನೂ ಬೇರೆ ಬೇರೆ ಬರೆಯಿರಿ. ಆ ಕಂಪನಿಯ ಸಂಗ್ರಹ ಈಗ ಶಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿದೆ.

ಫೋಟೋದಲ್ಲಿ ಕಾರಿದ್ದರೆ ನಂಬರ್ ಪ್ಲೇಟು ನೋಡಿ, ಆ ಕಾಲದ ಪ್ಲೇಟಿನ ಮೇಲೆ ಎಷ್ಟೋ ಸಲ ವರ್ಷವೇ ಇರುತ್ತದೆ. ಮೇಲಿನಿಂದ ತೆಗೆದ ಹಳೆ ಚಿತ್ರಗಳು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ತಾಣದಲ್ಲಿ ಸಿಗುತ್ತವೆ. ಎರಡು ವರ್ಷದ ಚಿತ್ರ ಪಕ್ಕಪಕ್ಕ ಇಟ್ಟರೆ ಯಾವ ಕಟ್ಟಡ ಯಾವಾಗ ಬಂತು, ಯಾವುದು ಹೋಯಿತು ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು. ಎಲ್ಲ ಕಡೆ ಓದುತ್ತೇವಲ್ಲ, ಡೆಫ್ ಸ್ಮಿತ್ ಕೌಂಟಿಯಲ್ಲಿ ಮದ್ಯ ಮಾರುವ ಹಾಗಿರಲಿಲ್ಲ, ಹಾಗಾಗಿ ಬಾರುಗಳೆಲ್ಲ ನ್ಯೂ ಮೆಕ್ಸಿಕೊ ಕಡೆ ಇದ್ದವು, ಆ ಕಡೆ ಪೆಟ್ರೋಲ್ ತೆರಿಗೆ ಜಾಸ್ತಿ, ಹಾಗಾಗಿ ಬಂಕುಗಳೆಲ್ಲ ಟೆಕ್ಸಾಸ್ ಕಡೆ ಇದ್ದವು ಅಂತ. ಚೆಂದದ ವಿವರ, ಊರಿನ ರೂಪವನ್ನೇ ವಿವರಿಸುತ್ತದೆ. ಅದಕ್ಕೇ ಅದನ್ನು ಬರೀ ಒಬ್ಬರಿಂದೊಬ್ಬರು ನಕಲು ಮಾಡುತ್ತಾ ಹೋಗಬಾರದು. ಎರಡೂ ರಾಜ್ಯಗಳ ಆಯಾ ವರ್ಷದ ತೆರಿಗೆ ದರ, ಕೌಂಟಿಯ ಮತದಾನದ ದಾಖಲೆ ತೆಗೆದು ಪಕ್ಕದಲ್ಲಿ ಇಡಿ. ಆಗ ಓದುವವರಿಗೆ ಕಥೆಯ ಬೇರು ಕೈಗೆ ಸಿಗುತ್ತದೆ.

ದಕ್ಷಿಣದಗಾಳಿ:
ಇಲ್ಲಿಯವರೆಗೆ ಓದಿದೆ. ಒಂದು ವಿಷಯ ಯಾರೂ ಎತ್ತಿಲ್ಲ. ಈ ರಸ್ತೆ ಎಲ್ಲರಿಗೂ ಒಂದೇ ಥರ ಇರಲಿಲ್ಲ. 'ಟೆಕ್ಸಾಸಿನ ಮೊದಲ ಮೋಟೆಲ್' ಅನ್ನೋ ಬೋರ್ಡು ನೋಡಿ ಖುಷಿಯಿಂದ ಕಾರು ನಿಲ್ಲಿಸುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ರೂಟ್ 66ರ ಉದ್ದಕ್ಕೂ ಎಷ್ಟೋ ಊರುಗಳಲ್ಲಿ ಸೂರ್ಯ ಮುಳುಗಿದ ಮೇಲೆ ಕರಿಯ ಜನ ಇರಬಾರದು ಅಂತ ಇತ್ತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಾಸವಿದ್ದ ಪೋಸ್ಟ್‌ಮ್ಯಾನ್ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ 'ಗ್ರೀನ್ ಬುಕ್' ಅನ್ನೋ ಪ್ರಯಾಣ ಕೈಪಿಡಿ ತಂದಿದ್ದು ಇದಕ್ಕೇ. ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಹಾಸಿಗೆ ಸಿಗುತ್ತದೆ, ಎಲ್ಲಿ ಕಾರಿಗೆ ಪೆಟ್ರೋಲ್ ಹಾಕುತ್ತಾರೆ ಅನ್ನೋ ಪಟ್ಟಿ. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ಬಂದ ಮೇಲೆ ಸ್ವಲ್ಪ ಕಾಲದಲ್ಲೇ ಅದರ ಪ್ರಕಟಣೆ ನಿಂತಿತು. ಅದರ ಸಂಚಿಕೆಗಳನ್ನು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಸ್ಕ್ಯಾನ್ ಮಾಡಿ ಇಟ್ಟಿದೆ.

ಓಕ್ಲಹೋಮಾದ ಲೂಥರ್ ಹತ್ತಿರ ಥ್ರೆಟ್ ಕುಟುಂಬದ ಬಂಕ್ ಇದೆ. ಕರಿಯ ಕುಟುಂಬವೊಂದು ರೂಟ್ 66ರ ಮೇಲೆ ನಡೆಸಿದ ಬಂಕ್. 1995ರಲ್ಲೇ ರಾಷ್ಟ್ರೀಯ ಪಟ್ಟಿಗೆ ಸೇರಿತು. ಕಟ್ಟಡ ನೋಡಲು ತುಂಬಾ ಸಾದಾ. ಯಾರದ್ದು, ಯಾರಿಗಾಗಿ ತೆರೆದಿತ್ತು ಅಂತ ತಿಳಿಯದೆ ಹೋದವರು ಅದನ್ನು ಗಮನಿಸದೇ ಮುಂದೆ ಹೋಗುತ್ತಾರೆ. ಹಾಗಾಗಿ ನಾನು ಹಳೇದಾರಿಯವರ ಪಕ್ಷ. ಬರೀ ಗೋಡೆಯಿಂದ ಈ ವಿಷಯ ಗೊತ್ತಾಗುವುದಿಲ್ಲ. ಗ್ಲೆನ್‌ರಿಯೊ ಬಗ್ಗೆ ಬರೆಯುವಾಗಲೂ ಪ್ರತಿ ಕಟ್ಟಡಕ್ಕೂ ಈ ಪ್ರಶ್ನೆ ಇರಲಿ: ಇಲ್ಲಿ ಯಾರನ್ನು ಒಳಗೆ ಬಿಡುತ್ತಿದ್ದರು, ಯಾರನ್ನು ಬಿಡುತ್ತಿರಲಿಲ್ಲ?

ಹಳೇದಾರಿ:
ಈ ಪ್ರಶ್ನೆಯನ್ನು ಮೊದಲ ಸಾಲಿನಲ್ಲೇ ಇಡುತ್ತೇನೆ. ಹಿರಿಯರ ಜೊತೆ ಮಾತಾಡುವಾಗ ಜನ ಇದನ್ನು ಕೇಳಲು ಹಿಂಜರಿಯುತ್ತಾರೆ. ಕೇಳದಿದ್ದರೆ ಉತ್ತರ ಹೇಗೆ ಸಿಗಬೇಕು?

ಮೂರುಸಂಜೆ:
ಹಿರಿಯರ ಜೊತೆ ಮಾತಾಡುವ ವಿಷಯ ಬಂತಲ್ಲ, ಆ ಕೆಲಸ ನನಗೆ ಗೊತ್ತು. ನೇರವಾಗಿ 'ಆಗಿನ ಕಾಲ ಹೇಗಿತ್ತು?' ಅಂತ ಕೇಳಬೇಡಿ. 'ಚೆನ್ನಾಗಿತ್ತು' ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ದೊಡ್ಡ ಹಾಳೆಯ ಮೇಲೆ ರಸ್ತೆ ಮಾತ್ರ ಗೀಚಿ ಮುಂದಿಡಿ, ಪೆನ್ಸಿಲ್ ಅವರ ಕೈಗೇ ಕೊಡಿ. ನಿಮ್ಮ ಮನೆ ಎಲ್ಲಿತ್ತು ಅಂತ ಕೇಳಿ. ಮನೆ ಬರೆದ ಮೇಲೆ ಪಕ್ಕದ ಮನೆ ತಾನಾಗೇ ಬರುತ್ತದೆ. ಪಕ್ಕದ ಮನೆ ಬಂದರೆ ಜಗಳ ಬರುತ್ತದೆ, ಮದುವೆ ಬರುತ್ತದೆ, ಬಾಕಿ ಉಳಿಸಿಕೊಂಡು ಓಡಿಹೋದವನು ಬರುತ್ತಾನೆ. ನಕ್ಷೆ ಗೀಚುತ್ತಾ ಹೋದ ಹಾಗೆ ನೆನಪು ಬಿಚ್ಚಿಕೊಳ್ಳುತ್ತದೆ.

ಆಮೇಲೆ ಕೆಲಸದ ಪ್ರಶ್ನೆ ಕೇಳಿ. ಬೆಳಗ್ಗೆ ಮೊದಲು ಬಾಗಿಲು ತೆಗೆಯುತ್ತಿದ್ದವರು ಯಾರು? ಐಸು ಎಲ್ಲಿಂದ ಬರುತ್ತಿತ್ತು? ನಡುರಾತ್ರಿ ಯಾರಾದರೂ ಕೊಠಡಿ ಕೇಳಿ ಗಂಟೆ ಬಾರಿಸಿದರೆ ಎದ್ದು ಹೋಗುತ್ತಿದ್ದವರು ಯಾರು? ಮಕ್ಕಳು ಯಾವ ರಾಜ್ಯದ ಶಾಲೆಗೆ ಹೋಗುತ್ತಿದ್ದರು? ಬೋರ್ಡಿನ ಬಲ್ಬು ಸುಟ್ಟರೆ ಏಣಿ ಹತ್ತುತ್ತಿದ್ದವರು ಯಾರು? ಇಂಥ ಪ್ರಶ್ನೆಗೆ ಉತ್ತರವಾಗಿ ಬರುವ ಹೆಸರು ಎಷ್ಟೋ ಸಲ ಆಸ್ತಿ ಪತ್ರದಲ್ಲಿ ಇರುವುದೇ ಇಲ್ಲ. ಹೆಂಡತಿ, ಅತ್ತೆ, ಕೂಲಿಗೆ ಬಂದ ಹುಡುಗ. ಪತ್ರದಲ್ಲಿ ಗಂಡನ ಹೆಸರಿದ್ದರೂ ಮೋಟೆಲ್ ನಡೆಸಿದ್ದು ಆಕೆಯೇ ಅಂತ ಹೀಗೇ ತಿಳಿಯುವುದು.

ಮಾತು ಶುರುವಾಗುವ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಅದರಲ್ಲಿ ಎಲ್ಲಿ ಇಡುತ್ತೀರಿ, ಯಾರು ಕೇಳಬಹುದು, ಯಾವ ಭಾಗ ಇಷ್ಟು ವರ್ಷ ಮುಚ್ಚಿಡಬೇಕು ಅನ್ನೋದೆಲ್ಲ ಇರಲಿ. ಧ್ವನಿಯನ್ನು ಕುಗ್ಗಿಸದ ವೇವ್ ಫೈಲಿನಲ್ಲಿ ಇಡಿ. ಬರೆದಿಳಿಸಿದ ಮೇಲೆ ಒಂದು ಪ್ರತಿ ಅವರಿಗೇ ಕಳಿಸಿ, ದಪ್ಪ ಅಕ್ಷರದಲ್ಲಿ ಮುದ್ರಿಸಿ. ಓದಿ ಇನ್ನೂ ಎರಡು ಮಾತು ಸೇರಿಸುತ್ತಾರೆ.

ರಾತ್ರಿಪಯಣಿಗ:
ಈ ಮಾತು ನನಗೆ ಹಿಡಿಸಿತು. ಆದರೂ ಕೇಳುತ್ತೇನೆ, ಬರೆದಿಟ್ಟ ಮೇಲೆ ಕಟ್ಟಡ ಬಿದ್ದರೆ ಬೀಳಲಿ ಅನ್ನುತ್ತೀರಾ?

ಹಳೇದಾರಿ:
ಖಂಡಿತ ಇಲ್ಲ. ಬೀಳುವುದನ್ನು ನಿಧಾನ ಮಾಡಬೇಕು, ಹೊಸದರ ಹಾಗೆ ಮಾಡಬಾರದು ಅಂತ ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಬೋಡಿ ಗಣಿ ಊರು 1962ರಿಂದ ರಾಜ್ಯದ ಐತಿಹಾಸಿಕ ಉದ್ಯಾನ. ಅಲ್ಲಿ ಕಟ್ಟಡಗಳನ್ನು ಇದ್ದ ಸ್ಥಿತಿಯಲ್ಲೇ ತಡೆದು ನಿಲ್ಲಿಸುತ್ತಾರೆ. ಚಾವಣಿ ಸೋರದ ಹಾಗೆ, ಗೋಡೆ ವಾಲದ ಹಾಗೆ, ಕಿಟಕಿ ಒಡೆದು ಮಳೆ ನುಗ್ಗದ ಹಾಗೆ ನೋಡಿಕೊಳ್ಳುತ್ತಾರೆ. ಹೊಳೆಯುವ ಬಣ್ಣ ಬಳಿಯುವುದಿಲ್ಲ. ಗ್ಲೆನ್‌ರಿಯೊದಲ್ಲೂ ಮಾಲೀಕರು ಒಪ್ಪಿದರೆ ಇದೇ ಸರಿ. ಆ ಡೈನರಿಗೆ ಹೊಸ ಗಾರೆ, ಹೊಸ ಬಣ್ಣ, ಪ್ಲಾಸ್ಟಿಕ್ ಕುರ್ಚಿ ಹಾಕಿ 'ಐವತ್ತರ ದಶಕದ ಅನುಭವ' ಅಂತ ಮಾರಿದರೆ ಕಟ್ಟಡ ಉಳಿದೂ ಊರು ಅಳಿಸಿಹೋಗುತ್ತದೆ.

ಆದರೆ ಒಂದು ಕಿಟಕಿಗೆ ಹಲಗೆ ಹೊಡೆಯುವ ಮುಂಚೆಯೂ ಅಳತೆ ತೆಗೆದು, ನಾಲ್ಕೂ ಕಡೆಯಿಂದ ಫೋಟೋ ತೆಗೆದು, ತಾರೀಖು ಬರೆದಿಡಬೇಕು. ಹಾಗಾಗಿಯೇ ಬರೆಯುವ ಕೆಲಸ ಮೊದಲು ಅಂತ ನಾನು ಹೇಳುತ್ತಿರುವುದು.

ನಕ್ಷೆಗಾರ:
ಫೋಟೋ ತೆಗೆಯಲು ಹೋಗುವವರಿಗೆ ಒಂದು ಮಾತು. ರಸ್ತೆ ಮೇಲೆ ನಿಂತು ತೆಗೆಯಿರಿ. ಒಳಗೆ ಹೋಗಬೇಕಾದರೆ ಮಾಲೀಕರ ಅನುಮತಿ ಬರವಣಿಗೆಯಲ್ಲಿ ಇರಲಿ. ಖಾಲಿ ಇದೆ ಅಂದ ಮಾತ್ರಕ್ಕೆ ಯಾರದ್ದೂ ಅಲ್ಲ ಅಂತ ಅಲ್ಲ. ಹಳೆ ಕಟ್ಟಡಗಳಲ್ಲಿ ಕಲ್ನಾರು ಇರುತ್ತದೆ, ಸೀಸದ ಬಣ್ಣ ಇರುತ್ತದೆ, ನೆಲ ಕುಸಿಯುತ್ತದೆ. ನೆನಪಿಗೆ ಅಂತ ಒಂದು ಚೂರನ್ನೂ ಎತ್ತಿಕೊಂಡು ಬರಬೇಡಿ. ಬಂದವರೆಲ್ಲ ಒಂದೊಂದು ಚೂರು ಒಯ್ದರೆ ಮಳೆಗಿಂತ ಬೇಗ ಊರು ಖಾಲಿಯಾಗುತ್ತದೆ. ಯಾವ ಬಾಗಿಲು ತೆರೆದಿದೆ ಅಂತ ಎಲ್ಲರಿಗೂ ಹೇಳುವುದು ಕೂಡ ಬೇಡ.

ಮರಳುಗಾಡು:
ಸೆಲಿಗ್‌ಮನ್ ಊರನ್ನು ಮರೆತಿರಾ? ಅರಿಜೋನಾದಲ್ಲಿ 1978ರ ಸೆಪ್ಟೆಂಬರ್ 22ರಂದು ಹೊಸ ಹೆದ್ದಾರಿ ತೆರೆದು ಆ ಊರಿನ ಗಿರಾಕಿ ಒಂದೇ ದಿನದಲ್ಲಿ ನಿಂತುಹೋದರು. ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಡಿಯೊ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಊರಿನವರನ್ನು ಸೇರಿಸಿ ಸಂಘ ಕಟ್ಟಿ ರಾಜ್ಯಕ್ಕೆ ಒತ್ತಾಯ ಮಾಡಿದರು. ಅದೇ ವರ್ಷ ಸೆಲಿಗ್‌ಮನ್‌ನಿಂದ ಕಿಂಗ್‌ಮನ್‌ವರೆಗಿನ ಹಳೆ ರಸ್ತೆಗೆ ಐತಿಹಾಸಿಕ ರೂಟ್ 66 ಅನ್ನೋ ಗುರುತು ಸಿಕ್ಕಿತು. ಇವತ್ತು ಅಲ್ಲಿ ಜನ ಇದ್ದಾರೆ, ಅಂಗಡಿ ಇದೆ. ಗ್ಲೆನ್‌ರಿಯೊದಲ್ಲಿ ಅಂಥವರೊಬ್ಬರು ಇದ್ದಿದ್ದರೆ ಇವತ್ತು ಈ ಚರ್ಚೆಯೇ ಬೇಡವಾಗಿತ್ತು.

ಮೂರುಸಂಜೆ:
ಹಾಗೆ ಹೇಳುವುದು ಗ್ಲೆನ್‌ರಿಯೊದವರಿಗೆ ಅನ್ಯಾಯ. ಸೆಲಿಗ್‌ಮನ್‌ನಲ್ಲಿ ಸಭೆ ಸೇರಲು ಜನ ಉಳಿದಿದ್ದರು. ಸಂಘ ಕಟ್ಟಲು ಮೊದಲು ಬೇಕಾಗಿದ್ದು ನೆರೆಹೊರೆ. ಗ್ಲೆನ್‌ರಿಯೊದವರ ಬದುಕು ಪೂರ್ತಿ ರಸ್ತೆ ಮೇಲಿತ್ತು. ರೈಲು ನಿಲ್ದಾಣ ಮುಂಚೆಯೇ ಹೋಗಿತ್ತು, ಆ ರೈಲು ಕಂಪನಿಯೇ 1980ರಲ್ಲಿ ಓಡಾಟ ನಿಲ್ಲಿಸಿತು. ಹೊರಟುಹೋದವರು ಸೋತವರಲ್ಲ, ಮಕ್ಕಳನ್ನು ಸಾಕಬೇಕಾದವರು. ಅವರು ಎಲ್ಲಿಗೆ ಹೋದರು ಅನ್ನೋದು ಕೂಡ ಊರಿನ ಚರಿತ್ರೆಯೇ. ಟುಕುಮ್‌ಕರಿ, ಹೆರ್‌ಫರ್ಡ್, ಅಮರಿಲ್ಲೊ ಕಡೆ ಹುಡುಕಿದರೆ ಮಕ್ಕಳು ಮೊಮ್ಮಕ್ಕಳು ಸಿಗಬಹುದು, ಆಲ್ಬಮ್ ಅವರ ಅಟ್ಟದ ಮೇಲಿರಬಹುದು.

ದಕ್ಷಿಣದಗಾಳಿ:
ಅದೂ ಅಲ್ಲದೆ ಊರಿನ ಚರಿತ್ರೆ ಮುಗಿದಿಲ್ಲ. ನ್ಯೂ ಮೆಕ್ಸಿಕೊದಲ್ಲಿ 2022ರ ಏಪ್ರಿಲ್‌ನಿಂದ ವಯಸ್ಕರಿಗೆ ಗಾಂಜಾ ಮಾರಾಟ ಕಾನೂನುಬದ್ಧವಾಯಿತು. ಟೆಕ್ಸಾಸಿನಲ್ಲಿ ಅದು ಅಪರಾಧ. ಈಗ ಗ್ಲೆನ್‌ರಿಯೊದ ನ್ಯೂ ಮೆಕ್ಸಿಕೊ ಕಡೆ ಅದರ ಅಂಗಡಿ ಬಂದಿದೆ. ಹಿಂದೆ ಬಾರುಗಳು ಯಾವ ಕಾರಣಕ್ಕೆ ಆ ಕಡೆ ಇದ್ದವೋ ಇದೂ ಅದೇ ಕಾರಣಕ್ಕೆ ಅಲ್ಲಿದೆ. ಗಡಿ ಇವತ್ತೂ ಅಂಗಡಿಯ ಜಾಗ ತೀರ್ಮಾನಿಸುತ್ತಿದೆ.

ರಾತ್ರಿಪಯಣಿಗ:
ಅದನ್ನೆಲ್ಲ ಇದರಲ್ಲಿ ಸೇರಿಸಬೇಕಾ? ಹಳೆ ರಸ್ತೆಯ ಊರು ಅಂದರೆ 1940, 1950ರ ದಶಕದ ನೆನಪು.

ಹಳೇದಾರಿ:
ಸೇರಿಸಲೇಬೇಕು. ನಮಗೆ ಇಷ್ಟವಾದ ಇಪ್ಪತ್ತು ವರ್ಷ ಮಾತ್ರ ಆರಿಸಿಕೊಂಡರೆ ರೈಲಿನ ಕಾಲದ ರೈತರು ಹೋಗುತ್ತಾರೆ, ಪತ್ರಿಕೆ ಹೊರಡಿಸಿದವರು ಹೋಗುತ್ತಾರೆ, ಹೆದ್ದಾರಿ ಬಂದ ಮೇಲೂ ಗಟ್ಟಿ ಮನಸ್ಸು ಮಾಡಿ ಅಲ್ಲೇ ಉಳಿದವರು ಹೋಗುತ್ತಾರೆ. ಉಳಿಯುವುದು ಒಂದು ನಿಯಾನ್ ಬೋರ್ಡು. 2026ಕ್ಕೆ ರೂಟ್ 66ಕ್ಕೆ ನೂರು ವರ್ಷ. ಬೋರ್ಡಿನ ಫೋಟೋ ಹಾಕುವವರು ಸಾಕಷ್ಟು ಜನ ಇರುತ್ತಾರೆ. ಹೆಸರು ಬರೆಯುವವರು ಬೇಕು.

ದಾಖಲೆಪಾಲಕಿ:
ಬರೆದಿದ್ದನ್ನು ಎಲ್ಲಿ ಇಡುತ್ತೀರಿ ಅಂತಲೂ ಈಗಲೇ ಯೋಚಿಸಿ. 2009ರಲ್ಲಿ ಜಿಯೋಸಿಟೀಸ್ ಅನ್ನೋ ಪುಕ್ಕಟೆ ವೆಬ್ ಪುಟಗಳ ತಾಣ ಮುಚ್ಚಿದಾಗ ಎಷ್ಟು ಹವ್ಯಾಸಿಗಳ ಪುಟ ಒಟ್ಟಿಗೆ ಹೋದವು ಅಂತ ನೆನಪಿದೆಯಲ್ಲ? ಇಂಟರ್ನೆಟ್ ಆರ್ಕೈವ್‌ನಂಥವರು ಹಿಡಿದಿಟ್ಟಿದ್ದು ಮಾತ್ರ ಉಳಿಯಿತು. ಮೂರು ಪ್ರತಿ ಇರಲಿ, ಎರಡು ಬೇರೆ ಥರದ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಕೊನೆಗೆ ಒಂದು ಪ್ರತಿ ಎರಡೂ ಕೌಂಟಿಯ ಗ್ರಂಥಾಲಯಕ್ಕೆ ಕೊಡಿ, ಕಾಗದದಲ್ಲಿ. ಸ್ಕ್ಯಾನ್ ಮಾಡುವಾಗ ಫೋಟೋದ ಹಿಂಬದಿಯನ್ನೂ ಮಾಡಿ. ಹೆಸರು ಬರೆದಿರುವುದು ಅಲ್ಲೇ.

ಹಳೇದಾರಿ:
ಸರಿ, ಮಾತು ಸಾಕು, ಕೆಲಸ ಹಂಚಿಕೊಳ್ಳೋಣ. ಮೊದಲು ಮೋಟೆಲ್, ಡೈನರ್, ಬಂಕ್, ಅಂಚೆ ಕಚೇರಿ. ಪ್ರತಿಯೊಂದಕ್ಕೂ ಒಂದು ಹಾಳೆ. ಕಟ್ಟಿದ ವರ್ಷ, ನಡೆಸಿದವರು, ಕೆಲಸಕ್ಕಿದ್ದವರು, ಒಳಗೆ ಬಿಡದೇ ಇದ್ದವರು, ಮುಚ್ಚಿದ್ದು, ಆಮೇಲೆ ಏನಾಯಿತು. ಪ್ರತಿ ಸಾಲಿನ ಪಕ್ಕ ಅದು ಎಲ್ಲಿಂದ ಸಿಕ್ಕಿತು ಅಂತ ಬರೆಯಬೇಕು. ಬದುಕಿರುವವರ ವಿಳಾಸ, ಫೋನು ಎಲ್ಲೂ ಹಾಕಬಾರದು.

1950ರ ಜನಗಣತಿ ಹಾಳೆಯಲ್ಲಿ ಡೆಫ್ ಸ್ಮಿತ್ ಕಡೆಯದ್ದು ನಾನು ಓದುತ್ತೇನೆ. ಕ್ವೇ ಕೌಂಟಿಯದ್ದು ಯಾರು ತೆಗೆದುಕೊಳ್ಳುತ್ತೀರಿ?

ದಕ್ಷಿಣದಗಾಳಿ:
ನನಗಿರಲಿ. ಗ್ರೀನ್ ಬುಕ್ ಸಂಚಿಕೆಗಳಲ್ಲಿ ಅಮರಿಲ್ಲೊ, ಟುಕುಮ್‌ಕರಿ ಪಟ್ಟಿಯನ್ನೂ ವರ್ಷವಾರು ನೋಡುತ್ತೇನೆ.

ರಾತ್ರಿಪಯಣಿಗ:
ಮುಂದಿನ ಸಲ ಆ ಕಡೆ ಹೋದಾಗ ರಸ್ತೆಯಿಂದಲೇ ಪ್ರತಿ ಕಟ್ಟಡದ ನಾಲ್ಕು ಕೋನ ತೆಗೆದು ಕಳಿಸುತ್ತೇನೆ. ಅಳತೆಗೆ ಪಕ್ಕದಲ್ಲಿ ಕೋಲು ಇಡಬೇಕು ಅಂತಾರಲ್ಲ, ಎಷ್ಟು ಉದ್ದದ್ದು?

ನಕ್ಷೆಗಾರ:
ಒಂದು ಮೀಟರಿನದ್ದು ಸಾಕು, ಹತ್ತು ಸೆಂಟಿಮೀಟರಿಗೆ ಒಂದರಂತೆ ಕಪ್ಪು ಬಿಳಿ ಪಟ್ಟಿ ಬಳಿದಿರಲಿ. ರಸ್ತೆಯಿಂದಲೇ ತೆಗೆಯುವುದಾದರೆ ಕೋಲನ್ನು ಕಟ್ಟಡದ ಹತ್ತಿರ ಇಡಲು ಆಗುವುದಿಲ್ಲ, ಆಗ ಬಾಗಿಲಿನ ಎತ್ತರವೇ ಅಂದಾಜಿಗೆ. ಮಾಲೀಕರಿಗೆ ಪತ್ರ ನಾನು ಬರೆಯುತ್ತೇನೆ. ಅನುಮತಿ ಬಂದ ಮೇಲೆ ಕೋಲಿನ ಸಮೇತ ಇನ್ನೊಮ್ಮೆ ತೆಗೆಯೋಣ.